ಚೇತರಿಕೆಯ ಜ್ವರ



ಡಿಸೆಂಬರ್ ತಿಂಗಳು ಕಾಲಿಡುವ ಹೊತ್ತಿಗೆ ನಮ್ಮ ದೇವಾಲಯಗಳಲ್ಲಿ ಆಗಮನ ಕಾಲದ ಮೇಣದ ಬತ್ತಿಗಳು ವಾರಕ್ಕೊಂದರಂತೆ ಹೊತ್ತಿಕೊಳ್ಳುತ್ತವೆ. ಅದೇ ತಿಂಗಳ ಮೊದಲನೆಯ ದಿನವನ್ನು 1988ರಿಂದ ವಿಶ್ವ ಏಡ್ಸ್ ದಿನವೆಂದು ಆಚರಿಸಲಾಗುತ್ತಿದೆ. ಅಂದು ಕೆಂಪು ಪಟ್ಟಿ ಧರಿಸುತ್ತೇವೆ, ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಒಂದು ಬಿನ್ನಹವನ್ನು ಸೇರಿಸುತ್ತೇವೆ, ಮರುದಿನ ಕ್ರಿಸ್ತಜಯಂತಿಯ ಸಿದ್ಧತೆಗೆ ಮರಳುತ್ತೇವೆ. ಈ ಬಾರಿ ಆ ಒಂದು ದಿನದ ನೆನಪನ್ನು ತುಸು ವಿಸ್ತರಿಸಿ, ಎಚ್.ಐ.ವಿ. ಪೀಡಿತರ ಜೀವನದಲ್ಲಿ ಹೆಚ್ಚು ಜನ ಅರಿಯದ ಒಂದು ಅವಧಿಯ ಕುರಿತು ನಿಮ್ಮೊಡನೆ ಮಾತನಾಡಬೇಕೆನಿಸಿದೆ. ಅದು ರೋಗ ಪತ್ತೆಯಾದ ದಿನದ ಮಾತಲ್ಲ, ಸಾವಿನ ದಿನದ ಮಾತೂ ಅಲ್ಲ. ಔಷಧ ಆರಂಭವಾದ ಮೇಲಿನ ಮೊದಲ ಕೆಲವು ವಾರಗಳ ಮಾತು.

1985ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಹಿಂದಿನ ದಿನ, ಮದರ್ ತೆರೇಸಾ ಅವರು ನ್ಯೂಯಾರ್ಕ್ ನಗರದ ಗ್ರೀನ್‌ವಿಚ್ ವಿಲೇಜ್‌ನಲ್ಲಿ ಏಡ್ಸ್ ರೋಗಿಗಳಿಗಾಗಿ ‘ಗಿಫ್ಟ್ ಆಫ್ ಲವ್’ ಎಂಬ ಮನೆಯೊಂದನ್ನು ತೆರೆದರು. ಆ ದಿನಗಳಲ್ಲಿ ಈ ರೋಗಕ್ಕೆ ಔಷಧವೇ ಇರಲಿಲ್ಲ. ಬಂಧುಗಳೂ ಮುಟ್ಟಲು ಹೆದರುತ್ತಿದ್ದವರ ಕೈ ಹಿಡಿದು, ಅವರನ್ನು ಗೌರವದಿಂದ ಕಳುಹಿಸಿಕೊಡುವುದೇ ಅಂದಿನ ಸೇವೆಯಾಗಿತ್ತು. ಮುಂದೆ 1987ರಲ್ಲಿ ಜಿಡೋವುಡಿನ್ ಎಂಬ ಮೊದಲ ಔಷಧ ಬಂದಿತು. 1996ರ ಹೊತ್ತಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು, ಮರಣಶಯ್ಯೆಯಲ್ಲಿದ್ದವರು ಎದ್ದು ನಡೆದಾಡತೊಡಗಿದರು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಂದು 8 ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾಯಿತು. ರೋಗದ ಪ್ರಮಾಣ ಹೆಚ್ಚಾಗಿದ್ದ ರಾಜ್ಯಗಳಿಂದ ಆ ಕಾರ್ಯಕ್ರಮ ಮೊದಲಾಯಿತು. ಅವುಗಳಲ್ಲಿ ಕರ್ನಾಟಕವೂ ಒಂದು. 2017ರಿಂದ ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ, ರೋಗನಿರೋಧಕ ಶಕ್ತಿ ಎಷ್ಟೇ ಇರಲಿ, ಚಿಕಿತ್ಸೆ ಕೊಡುವ ನೀತಿ ಜಾರಿಗೆ ಬಂದಿದೆ. ಅಂದು ಸಾಯುವವರ ಜೊತೆಗಿರುವುದು ನಮ್ಮ ಕರೆಯಾಗಿತ್ತು. ಇಂದು ಬದುಕಿಗೆ ಮರಳುವವರ ಜೊತೆಗಿರುವ ಕರೆ ಬಂದಿದೆ. ಈ ಎರಡನೆಯದು ಸುಲಭವೆಂದು ತೋರಬಹುದು. ಆದರೆ ಧರ್ಮಸಭೆಯ ಆಶ್ರಯದ ಆರೈಕೆ ಕೇಂದ್ರವೊಂದರಲ್ಲಿ ಅನೇಕ ವರ್ಷ ದಾದಿಯಾಗಿ ಕೆಲಸ ಮಾಡಿದ ನನಗೆ ಅದು ಹಾಗೆ ಕಂಡಿಲ್ಲ.

ಎರಡು ಹಂತಗಳಲ್ಲಿ ದೊರೆತ ಬೆಳಕು

ಸಂತ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನೊಬ್ಬನ ಪ್ರಸಂಗ ಬರುತ್ತದೆ. ಉಳಿದ ಮೂವರು ಶುಭಸಂದೇಶಕಾರರು ಇದನ್ನು ಬರೆದಿಲ್ಲ. ಜನರು ಆ ಕುರುಡನನ್ನು ಯೇಸುವಿನ ಬಳಿಗೆ ಕರೆತರುತ್ತಾರೆ. ಪ್ರಭು ಅವನ ಕೈ ಹಿಡಿದು ಊರ ಹೊರಗೆ ನಡೆಸಿಕೊಂಡು ಹೋಗಿ, ಕಣ್ಣುಗಳಿಗೆ ಉಗುಳು ಹಚ್ಚಿ, ಅವನ ಮೇಲೆ ಕೈಗಳನ್ನಿರಿಸಿ, ಏನಾದರೂ ಕಾಣಿಸುತ್ತಿದೆಯೇ ಎಂದು ವಿಚಾರಿಸುತ್ತಾರೆ. ಅವನಿಗೆ ಜನ ಕಾಣಿಸುತ್ತಾರೆ, ಆದರೆ ಮರಗಳು ಓಡಾಡಿದ ಹಾಗೆ, ಅಸ್ಪಷ್ಟವಾಗಿ. ಪ್ರಭು ಎರಡನೆಯ ಸಲ ಅವನ ಕಣ್ಣುಗಳ ಮೇಲೆ ಕೈಯಿಟ್ಟ ಅನಂತರವೇ ಅವನಿಗೆ ಎಲ್ಲವೂ ನಿಚ್ಚಳವಾಗುತ್ತದೆ.

ಒಂದೇ ಮಾತಿನಿಂದ ಸತ್ತವರನ್ನೂ ಎಬ್ಬಿಸಿದಾತ ಇಲ್ಲಿ ಎರಡು ಸಲ ಏಕೆ ಮುಟ್ಟಬೇಕಾಯಿತು? ಬೈಬಲ್ ಪಂಡಿತರು ಇದಕ್ಕೆ ಹಲವು ಅರ್ಥಗಳನ್ನು ಹೇಳಿದ್ದಾರೆ. ದಾದಿಯಾದ ನನ್ನ ಮನಸ್ಸು ಮಾತ್ರ ಆ ಎರಡು ಸ್ಪರ್ಶಗಳ ನಡುವಿನ ಗಳಿಗೆಯಲ್ಲೇ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ ಆ ಮನುಷ್ಯ ಪೂರ್ತಿ ಕುರುಡನಲ್ಲ, ಪೂರ್ತಿ ಗುಣವಾದವನೂ ಅಲ್ಲ. ಮೊದಲಿನ ಕತ್ತಲೆ ಅವನಿಗೆ ಪರಿಚಿತವಾಗಿತ್ತು. ಈಗ ಕಾಣುತ್ತಿರುವ ಅಲುಗಾಡುವ ಆಕೃತಿಗಳು ಅಪರಿಚಿತ. ಆಗ ಅವನು ಹೆದರಿ ಓಡಿಹೋಗಿದ್ದರೆ ಏನಾಗುತ್ತಿತ್ತು? ಓಡಲಿಲ್ಲ, ಯಾಕೆಂದರೆ ಅವನನ್ನು ಮುಟ್ಟಿದವನು ಎದುರಿನಲ್ಲೇ ನಿಂತು, ಹೇಗಿದ್ದೀಯೆಂದು ಕೇಳುತ್ತಿದ್ದನು.

ಎಚ್.ಐ.ವಿ. ಚಿಕಿತ್ಸೆ ಆರಂಭಿಸಿದ ಕೆಲವರ ಜೀವನದಲ್ಲಿ ಇಂಥದೇ ಒಂದು ನಡುಗಾಲ ಬರುತ್ತದೆ. ಅದನ್ನು ಅರಿಯಬೇಕಾದರೆ ಮೊದಲು ಒಂದು ರೋಗಾಣು ಕುಟುಂಬದ ಪರಿಚಯ ಬೇಕು.

ಮಣ್ಣಿನಲ್ಲಿ, ನೀರಿನಲ್ಲಿ

ಮೈಕೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಕುಟುಂಬದಲ್ಲಿ ಇಬ್ಬರು ಕುಖ್ಯಾತರು. ಒಂದು ಕುಷ್ಠದ ರೋಗಾಣು. ಅದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು. ಇನ್ನೊಂದು ಕ್ಷಯದ ರೋಗಾಣು. ಅದನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಇವೆರಡರ ಹೊರತಾಗಿ ಆ ಕುಟುಂಬದಲ್ಲಿ ಇನ್ನೂ ಸುಮಾರು 200 ಪ್ರಭೇದಗಳಿವೆ. ಅವು ಮಣ್ಣಿನಲ್ಲಿ, ಕೆರೆ ಹೊಳೆಗಳ ನೀರಿನಲ್ಲಿ, ನಲ್ಲಿಯ ಕೊಳವೆಗಳ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ತಮ್ಮಷ್ಟಕ್ಕೆ ಬಾಳುತ್ತವೆ. ನೀರಿಗೆ ಹಾಕುವ ಕ್ಲೋರಿನ್ ಕೂಡ ಇವುಗಳನ್ನು ಸುಲಭವಾಗಿ ಕೊಲ್ಲುವುದಿಲ್ಲ. ನಾವು ನಿತ್ಯ ಇವುಗಳನ್ನು ಕುಡಿಯುತ್ತೇವೆ, ಉಸಿರಾಡುತ್ತೇವೆ. ಆರೋಗ್ಯವಂತ ದೇಹ ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇವುಗಳ ಹೆಸರುಗಳಲ್ಲೇ ಇವು ಎಲ್ಲೆಲ್ಲಿ ಸಿಕ್ಕವು ಎಂಬ ಕಥೆಯಿದೆ. ಹಕ್ಕಿಗಳಲ್ಲಿ ಕಂಡದ್ದಕ್ಕೆ ಏವಿಯಂ ಎಂದರು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ರೋಗಿಗಳ ಶ್ವಾಸಕೋಶದಿಂದ ದೊರೆತು 1953ರಲ್ಲಿ ವರ್ಣಿಸಲ್ಪಟ್ಟ ಹಳದಿ ಬಣ್ಣದ ರೋಗಾಣು ಕ್ಯಾನ್ಸಸೈ ಆಯಿತು. ಆಫ್ರಿಕದ ಕಪ್ಪೆಯೊಂದರಿಂದ ಹೆಸರು ಪಡೆದ ಜೆನೋಪಿ, ಬಿಸಿನೀರಿನ ಕೊಳವೆಗಳನ್ನು ಇಷ್ಟಪಡುತ್ತದೆ. ಭಾರತದಿಂದ ಹಂಗೇರಿಗೆ ತರಿಸಿಕೊಂಡ ಕೋತಿಗಳಲ್ಲಿ 1965ರಲ್ಲಿ ಸಿಕ್ಕದ್ದಕ್ಕೆ ಸಿಮಿಯೆ ಎಂದು ಹೆಸರಾಯಿತು. ಸಾಮಾನ್ಯ ಕಾಲದಲ್ಲಿ ಇವು ಮನುಷ್ಯನಿಗೆ ತೊಂದರೆ ಕೊಡುವುದು ಅಪರೂಪ. ಹಳೆಯ ಕ್ಷಯದಿಂದಲೋ ಧೂಮಪಾನದಿಂದಲೋ ಹಾಳಾದ ಶ್ವಾಸಕೋಶದಲ್ಲಿ ಕೆಲವೊಮ್ಮೆ ನೆಲೆಯೂರುವುದುಂಟು.

ಎಚ್.ಐ.ವಿ. ಈ ಸ್ಥಿತಿಯನ್ನು ತಲೆಕೆಳಗು ಮಾಡಿತು. ಆ ವೈರಾಣು ನಮ್ಮ ರಕ್ತದ ಸಿಡಿ4 ಎಂಬ ಬಿಳಿಯ ಕಣಗಳನ್ನು ನಾಶಪಡಿಸುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 500ರಿಂದ 1,500ರವರೆಗೆ ಇರುತ್ತವೆ. ಅವು 200ಕ್ಕಿಂತ ಕೆಳಗಿಳಿದರೆ ರೋಗ ಬಲಿತಿದೆ ಎಂದರ್ಥ. 50ಕ್ಕಿಂತಲೂ ಕೆಳಗಿಳಿದಾಗ ಏವಿಯಂ ಗುಂಪಿನ ರೋಗಾಣುಗಳು ಕರುಳಿನಿಂದಲೋ ಶ್ವಾಸಕೋಶದಿಂದಲೋ ರಕ್ತಕ್ಕಿಳಿದು ದೇಹವೆಲ್ಲ ಹಬ್ಬುತ್ತವೆ. 1980ರ ದಶಕದ ಏಡ್ಸ್ ವಾರ್ಡುಗಳಲ್ಲಿ ಅನೇಕರು ಹೀಗೆಯೇ ಕೃಶರಾಗಿ ತೀರಿಕೊಂಡರು. ಔಷಧ ಬಂದ ಮೇಲೆ ಈ ಸಂಕಟ ತೀರಿತೆಂದು ವೈದ್ಯಲೋಕ ಸಂತೋಷಪಟ್ಟಿತು. ಸಂತೋಷಪಡಲು ಕಾರಣವೂ ಇತ್ತು. ಆದರೆ ಆಗ ಅನಿರೀಕ್ಷಿತವಾದ ಒಂದು ಸಂಗತಿ ಕಣ್ಣಿಗೆ ಬಿತ್ತು.

ಎಚ್ಚರವಾದ ಒಡೆಯ

1992ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮಾರ್ಟಿನ್ ಫ್ರೆಂಚ್ ಮತ್ತು ಸಂಗಡಿಗರು ಜಿಡೋವುಡಿನ್ ಆರಂಭಿಸಿದ ಕೆಲವು ರೋಗಿಗಳ ವಿಷಯ ಬರೆದರು. ಔಷಧ ಆರಂಭಿಸಿದ ಮೇಲೆಯೇ ಅವರಿಗೆ ಜ್ವರ ಬಂದು, ಅಡಗಿದ್ದ ಏವಿಯಂ ಸೋಂಕು ಒಂದೊಂದು ಜಾಗದಲ್ಲಿ ಬಾವಾಗಿ ಹೊರಬಂದಿತ್ತು. ಅದೇ ಹೊತ್ತಿನಲ್ಲಿ, ರೋಗಾಣುವಿನ ಸಾರವನ್ನು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ ಅವರ ದೇಹ ಮತ್ತೆ ಪ್ರತಿಕ್ರಿಯೆ ತೋರಿಸತೊಡಗಿತ್ತು. 1998ರಲ್ಲಿ ಅಮೆರಿಕದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಲ್ಲರಿಗೂ ಸಿಡಿ4 ಎಣಿಕೆ 50ಕ್ಕಿಂತ ಕಡಿಮೆ. ಹೊಸ ಔಷಧ ತೆಗೆದುಕೊಂಡ ಮೂರು ವಾರಗಳೊಳಗೆ ಅವರಿಗೆ ತೀವ್ರ ಜ್ವರ ಬಂದಿತು, ದುಗ್ಧಗ್ರಂಥಿಗಳು ಊದಿಕೊಂಡವು. ಊದಿದ ಗ್ರಂಥಿಗಳಲ್ಲಿ ಸಿಕ್ಕದ್ದು ಅದೇ ಏವಿಯಂ ಗುಂಪು.

ಆಗಿದ್ದೇನು? ಮನೆಯೊಡೆಯ ಮೂರ್ಛೆ ಹೋಗಿದ್ದಾಗ ಕಳ್ಳರು ಸದ್ದಿಲ್ಲದೆ ಒಳಸೇರಿದ್ದಾರೆ. ಮನೆಯಲ್ಲಿ ಗಲಾಟೆಯಿಲ್ಲ, ಆದ್ದರಿಂದ ನೆರೆಯವರು ಎಲ್ಲವೂ ಸರಿಯಿದೆಯೆಂದು ತಿಳಿದಿದ್ದಾರೆ. ಒಡೆಯನಿಗೆ ಎಚ್ಚರವಾದ ರಾತ್ರಿಯೇ ಹೊಡೆದಾಟ, ಪಾತ್ರೆಗಳು ಉರುಳುವ ಸದ್ದು, ಕೂಗಾಟ. ಗಲಾಟೆ ಆರಂಭವಾದದ್ದು ಕಳ್ಳರು ಬಂದಾಗಲ್ಲ, ಒಡೆಯನು ಎದ್ದಾಗ. ಜ್ವರ, ಬೆವರು, ಊತ ಇವೆಲ್ಲ ರೋಗಾಣುವಿಗಿಂತ ಹೆಚ್ಚಾಗಿ ನಮ್ಮ ರೋಗನಿರೋಧಕ ಶಕ್ತಿಯ ಹೋರಾಟದಿಂದ ಹುಟ್ಟುವಂಥವು. ಆ ಶಕ್ತಿ ಸತ್ತಂತಿದ್ದಾಗ ಸೋಂಕು ಇದ್ದರೂ ಜ್ವರ ಕಡಿಮೆಯಿರಬಹುದು. ಅದು ಮರಳಿದಾಗ ಒಮ್ಮೆಲೇ ಭುಗಿಲೇಳುತ್ತದೆ. ವೈದ್ಯರು ಇದನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ‘ಐರಿಸ್’ ಎನ್ನುತ್ತಾರೆ. ಮರಳಿ ಬಂದ ರೋಗನಿರೋಧಕ ಶಕ್ತಿಯ ಉರಿಯೂತ ಎಂದು ನಾವು ಹೇಳಿಕೊಳ್ಳಬಹುದು.

ಇನ್ನೂ ಸರಳವಾಗಿ ಹೇಳುತ್ತೇನೆ. ಚಾಪೆಯ ಮೇಲೆ ಬಹಳ ಹೊತ್ತು ಕಾಲು ಮಡಚಿ ಕುಳಿತರೆ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದಿರುವಷ್ಟು ಹೊತ್ತು ನೋವೇ ಇಲ್ಲ. ಎದ್ದು ನಿಂತು ಕಾಲು ಚಾಚಿದಾಗಲೇ ಸಾವಿರ ಸೂಜಿ ಚುಚ್ಚಿದಂತಾಗುತ್ತದೆ. ಆ ನೋವಿಗೆ ಹೆದರಿ ಮತ್ತೆ ಕಾಲು ಮಡಚಿ ಕುಳಿತವರನ್ನು ನಾನು ನೋಡಿಲ್ಲ. ಆದರೆ ಜ್ವರಕ್ಕೆ ಹೆದರಿ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ.

ಈ ವಿಷಯದಲ್ಲಿ ವಿಸ್ತಾರವಾದ ಅಧ್ಯಯನವೊಂದು ಕೆನಡಾದ ವ್ಯಾಂಕೂವರ್ ನಗರದಿಂದ 2005ರಲ್ಲಿ ಬಂದಿತು. ಅಲ್ಲಿಯ ಸೇಂಟ್ ಪಾಲ್ಸ್ ಆಸ್ಪತ್ರೆಯನ್ನು 1894ರಲ್ಲಿ ಸ್ಥಾಪಿಸಿದವರು ‘ಸಿಸ್ಟರ್ಸ್ ಆಫ್ ಪ್ರಾವಿಡೆನ್ಸ್’ ಸಭೆಯ ಧರ್ಮಭಗಿನಿಯರು. ಒಂದು ಶತಮಾನದ ಬಳಿಕ ಅದೇ ಆಸ್ಪತ್ರೆ ಎಚ್.ಐ.ವಿ. ಆರೈಕೆಗೆ ಹೆಸರಾಯಿತು. ಅಲ್ಲಿಯ ವೈದ್ಯರು ಕ್ಷಯವಲ್ಲದ ಮೈಕೋಬ್ಯಾಕ್ಟೀರಿಯಾಗಳಿಂದ ಹೀಗೆ ಬಳಲಿದ 51 ರೋಗಿಗಳನ್ನು ದೀರ್ಘಕಾಲ ಗಮನಿಸಿ ಬರೆದರು. ಕೆಲವರಿಗೆ ಕುತ್ತಿಗೆ, ಕಂಕುಳುಗಳಲ್ಲಿ ಗಂಟುಗಳು. ಕೆಲವರಿಗೆ ಹೊಟ್ಟೆಯೊಳಗೆ ಊತ. ಇನ್ನು ಕೆಲವರಿಗೆ ಶ್ವಾಸಕೋಶದಲ್ಲಿ, ಎದೆಯ ಒಳಗಿನ ಗ್ರಂಥಿಗಳಲ್ಲಿ ರೋಗ. ಸಿಡಿ4 ಎಣಿಕೆ 100ಕ್ಕಿಂತ ಕಡಿಮೆಯಿದ್ದಾಗ ಚಿಕಿತ್ಸೆ ಆರಂಭಿಸಿದ ನೂರು ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಮಾತ್ರ ಹೀಗಾಗುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಅಪರೂಪವೇ ಸರಿ. ಆದರೆ ಆ ಮೂರು ನಾಲ್ಕು ಮಂದಿಯಲ್ಲಿ ಒಬ್ಬರು ನಮ್ಮ ಧರ್ಮಕೇಂದ್ರದವರಾದರೆ ಅಪರೂಪವೆಂಬ ಮಾತು ಅವರ ತಾಯಿಗೆ ಏನು ಸಮಾಧಾನ ಕೊಟ್ಟೀತು?

ಒಬ್ಬ ತರುಣನ ಆರು ವಾರಗಳು

ನಮ್ಮ ಕೇಂದ್ರಕ್ಕೆ 2018ರ ಮಳೆಗಾಲದಲ್ಲಿ ಬಂದ ಒಬ್ಬ ತರುಣನ ವಿಷಯ ಹೇಳುತ್ತೇನೆ. ಅವನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ, ಹೇಳಬಾರದು ಕೂಡ. ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಅವನು ಬರುವಾಗ ತೂಕ ಇಳಿದು ಎಲುಬಿನ ಗೂಡಿನಂತಾಗಿದ್ದ. ಸಿಡಿ4 ಎಣಿಕೆ 38. ಸರ್ಕಾರಿ ಎ.ಆರ್.ಟಿ. ಕೇಂದ್ರದಲ್ಲಿ ಎದೆಯ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ, ಕ್ಷಯವಿಲ್ಲವೆಂದು ಖಚಿತಪಡಿಸಿಕೊಂಡೇ ಮಾತ್ರೆಗಳನ್ನು ಆರಂಭಿಸಿದರು. ಮೊದಲ ಮೂರು ವಾರ ಎಲ್ಲರಿಗೂ ಸಂತೋಷ. ಹಸಿವು ಮರಳಿತು. ರಾಗಿಮುದ್ದೆ ಕೇಳಿ ತಿಂದ. ಮನೆಗೆ ಕಳುಹಿಸಿದೆವು.

ಐದನೆಯ ವಾರ ಅವನ ತಾಯಿ ಮತ್ತು ಅಣ್ಣ ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಮೈ ಸುಡುವ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ನಿಲ್ಲದ ಕೆಮ್ಮು, ಕುತ್ತಿಗೆಯ ಎಡಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅಣ್ಣನ ಕೈಯಲ್ಲಿ ಮಾತ್ರೆಯ ಡಬ್ಬಿಯಿತ್ತು. ಅದನ್ನು ಮೇಜಿನ ಮೇಲೆ ಕುಕ್ಕಿ, “ಇದನ್ನು ನೀವೇ ಇಟ್ಟುಕೊಳ್ಳಿ, ನಮಗೆ ಬೇಡ” ಎಂದ. ತಾಯಿ ನನ್ನ ಕೈ ಹಿಡಿದುಕೊಂಡು, “ಸಿಸ್ಟರಮ್ಮಾ, ಈ ಮಾತ್ರೆ ತಗೊಳ್ಳೋ ಮುಂಚೆ ನನ್ನ ಮಗ ಇಷ್ಟು ಕೆಟ್ಟಿರಲಿಲ್ಲ. ನೀವೇ ಹೇಳಿ, ಇದು ಔಷಧಾನೋ ವಿಷಾನೋ?” ಎಂದು ಕೇಳಿದರು.

ಓದುಗರೇ, ಆ ತಾಯಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕಣ್ಣಾರೆ ಕಂಡದ್ದನ್ನೇ ಅವರು ಹೇಳುತ್ತಿದ್ದರು. ಮಾತ್ರೆಗೆ ಮುಂಚೆ ಮಗ ನಡೆದಾಡುತ್ತಿದ್ದ. ಮಾತ್ರೆಯ ಬಳಿಕ ಮಲಗಿದ್ದಾನೆ. ಊರಿನಲ್ಲಿ ಯಾರೋ ಅವರಿಗೆ, ಇದು ಪಾಪಕ್ಕೆ ದೇವರ ಶಿಕ್ಷೆ, ಔಷಧದಿಂದ ತಪ್ಪಿಸಿಕೊಳ್ಳಲಾಗದು, ಎಲ್ಲ ಬಿಟ್ಟು ಪ್ರಾರ್ಥನೆಗೆ ಕರೆದುಕೊಂಡು ಹೋಗಿ ಎಂದೂ ಹೇಳಿದ್ದರು.

ನಮ್ಮ ವೈದ್ಯರು ಅವಸರಪಡಲಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಹೊಸ ನೆರಳು ಕಂಡಿತು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೈಕೋಬ್ಯಾಕ್ಟೀರಿಯಾದ ಕೆಂಪು ಕಡ್ಡಿಗಳು ಕಂಡವು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ನಮ್ಮ ದೇಶದಲ್ಲೇ ಇರುವಾಗ, ಕೆಂಪು ಕಡ್ಡಿ ಕಂಡೊಡನೆ ಕ್ಷಯವೆಂದೇ ಎಲ್ಲರೂ ಭಾವಿಸುವುದು ಸಹಜ. ಬಹಳ ಸಲ ಅದೇ ನಿಜವೂ ಹೌದು. ಆದರೆ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಯಂತ್ರ ಪರೀಕ್ಷೆ ಎರಡು ಸಲವೂ ಇಲ್ಲವೆಂದಿತು. ಆಗ ವೈದ್ಯರಿಗೆ ಸಂಶಯ ಬಂದು, ಎರಡು ಬೇರೆ ಬೇರೆ ದಿನಗಳ ಕಫವನ್ನು ರೋಗಾಣು ಬೆಳೆಸುವ ಪ್ರಯೋಗಾಲಯಕ್ಕೆ ಕಳುಹಿಸಿದರು. ಈ ರೋಗಾಣುಗಳು ನೀರಿನಲ್ಲೂ ಇರುವುದರಿಂದ, ಒಂದು ಸಲ ಮಾತ್ರ ಬೆಳೆದರೆ ಅದು ಹೊರಗಿನಿಂದ ಸೇರಿದ್ದೂ ಆಗಿರಬಹುದು. ಎರಡು ಸಲವೂ ಒಂದೇ ಜಾತಿ ಬೆಳೆದರೆ ಅದಕ್ಕೆ ಬೆಲೆ. ಫಲಿತಾಂಶ ಬರಲು ವಾರಗಳೇ ಬೇಕು, ಏಕೆಂದರೆ ಇವು ಬಹಳ ನಿಧಾನವಾಗಿ ಬೆಳೆಯುವ ಜೀವಿಗಳು. ಕೊನೆಗೆ ಎರಡರಲ್ಲೂ ಬೆಳೆದದ್ದು ಏವಿಯಂ ಗುಂಪು.

ಕಾಯುತ್ತಿದ್ದ ಆ ದಿನಗಳಲ್ಲಿ ವೈದ್ಯರು ಮತ್ತೊಮ್ಮೆ ಸಿಡಿ4 ಪರೀಕ್ಷೆ ಮಾಡಿಸಿದ್ದರು. ಎಣಿಕೆ 38ರಿಂದ 126ಕ್ಕೆ ಏರಿತ್ತು. ಆ ಚೀಟಿಯನ್ನು ಹಿಡಿದು ನಾನು ಅವನ ಮಂಚದ ಬಳಿ ನಿಂತದ್ದು ಇಂದಿಗೂ ನೆನಪಿದೆ. ಎಣಿಕೆಯ ಪ್ರಕಾರ ಅವನು ಕಳೆದ ಹಲವು ತಿಂಗಳುಗಳಲ್ಲೇ ಅತ್ಯಂತ ಆರೋಗ್ಯವಂತನಾಗಿದ್ದ. ಕಣ್ಣಿಗೆ ಕಾಣುತ್ತಿದ್ದುದು ನಡುಗುತ್ತಿದ್ದ ಒಂದು ಬಡ ದೇಹ. ಎರಡೂ ನಿಜವಾಗಿದ್ದವು.

ಅವನ ತಾಯಿಗೆ ನಾನು ಜೋಮು ಹಿಡಿದ ಕಾಲಿನ ಮಾತನ್ನೇ ಹೇಳಿದೆ. “ಅಮ್ಮಾ, ಇಷ್ಟು ದಿನ ಇವನ ಮೈಗೆ ಕಾದಾಡೋ ಶಕ್ತಿಯೇ ಇರಲಿಲ್ಲ. ಈಗ ಬಂದಿದೆ, ಕಾದಾಡ್ತಾ ಇದೆ. ಅದರ ಜ್ವರ ಇದು. ಮಾತ್ರೆ ನಿಲ್ಲಿಸಿದರೆ ಕಾದಾಡೋರೇ ಇರೋದಿಲ್ಲ” ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಡಬ್ಬಿಯನ್ನು ತಾವೇ ಕೈಗೆತ್ತಿಕೊಂಡರು. ಅಣ್ಣನ ಅನುಮಾನ ಅಂದು ತೀರಲಿಲ್ಲ. ಅವನು ತಮ್ಮನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ಒಂದೊಂದು ಮಾತ್ರೆಯನ್ನೂ ಅನುಮಾನದಿಂದಲೇ ಕೊಟ್ಟ. ಅನುಮಾನದಿಂದ ಕೊಟ್ಟರೂ ತಪ್ಪದೆ ಕೊಟ್ಟನಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿತು.

ಎಚ್.ಐ.ವಿ. ಮಾತ್ರೆಗಳನ್ನು ಮುಂದುವರಿಸಿಯೇ ಏವಿಯಂಗೆ ಎರಡು ಮೂರು ಔಷಧಗಳನ್ನು ಕೂಡಿಸಿ ಕೊಟ್ಟರು. ಉರಿಯೂತ ತಗ್ಗಲು ಕೆಲವು ವಾರ ಸ್ಟೆರಾಯ್ಡ್ ಮಾತ್ರೆಗಳನ್ನು ಕೊಟ್ಟು ಮೆಲ್ಲಗೆ ಇಳಿಸಿದರು. ಹತ್ತು ದಿನಗಳಲ್ಲಿ ಜ್ವರ ಇಳಿಯಿತು. ಏವಿಯಂ ಔಷಧಗಳನ್ನು ಒಂದು ವರ್ಷಕ್ಕೂ ಮೀರಿ ನುಂಗಬೇಕಾಯಿತು. ಈ ರೋಗದ ಚಿಕಿತ್ಸೆಯೇ ಅಷ್ಟು ದೀರ್ಘ. ಅವನು ಅದನ್ನು ಪೂರೈಸಿ ಕೆಲಸಕ್ಕೆ ಮರಳಿದ.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಇಂಥದೇ ಜ್ವರ ಬಂದಾಗ ಮನೆಯಲ್ಲೇ ಮಾತ್ರೆ ನಿಲ್ಲಿಸಿ, ಮೂರು ತಿಂಗಳ ಬಳಿಕ ನಮ್ಮ ಬಳಿಗೆ ಬಂದ ಒಬ್ಬ ಹೆಣ್ಣುಮಗಳನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ. ಆಕೆಯ ಜ್ವರ ಯಾವುದರಿಂದ ಬಂದದ್ದೆಂದು ತಿಳಿಯಲು ಸಮಯವೇ ಉಳಿದಿರಲಿಲ್ಲ. ಆಕೆಗೆ ಮಾತ್ರೆ ಕೊಟ್ಟವರಿದ್ದರು. ಎರಡನೆಯ ವಾರ, ಐದನೆಯ ವಾರ, ಹೇಗಿದ್ದೀಯಮ್ಮಾ ಎಂದು ಬಾಗಿಲು ತಟ್ಟಿ ಕೇಳಿದವರು ಇರಲಿಲ್ಲ.

ನಾವು ಮಾಡಬಹುದಾದದ್ದು

ಈ ಲೇಖನ ಓದಿ, ಚಿಕಿತ್ಸೆಯ ಆರಂಭದಲ್ಲಿ ಬರುವ ಜ್ವರವೆಲ್ಲ ಒಳ್ಳೆಯದೇ ಎಂದು ಯಾರೂ ಭಾವಿಸಬಾರದು. ಅದು ಅಡಗಿದ್ದ ಕ್ಷಯವಿರಬಹುದು. ನಮ್ಮ ನಾಡಿನಲ್ಲಿ ಅದರ ಸಾಧ್ಯತೆಯೇ ಹೆಚ್ಚು. ಔಷಧ ಮೈಗೆ ಒಗ್ಗದಿರಬಹುದು, ಹೊಸ ಸೋಂಕಿರಬಹುದು. ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ನಮಗೆ ತಿಳಿದಿರಬೇಕಾದದ್ದು ಇಷ್ಟೇ: ಚಿಕಿತ್ಸೆ ಆರಂಭವಾದ ಮೊದಲ ಎರಡು ಮೂರು ತಿಂಗಳುಗಳಲ್ಲಿ ಜ್ವರ, ಕೆಮ್ಮು, ಗಂಟು, ಉಬ್ಬಸ, ತೂಕ ಇಳಿಯುವುದು, ಮೈಮೇಲೆ ಗಂಧೆ ಏಳುವುದು ಕಂಡರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ತಾನಾಗಿಯೇ ಹೋದೀತೆಂದು ಮನೆಯಲ್ಲಿ ಕಾಯಲೂಬಾರದು. ಅದೇ ದಿನ ಅಥವಾ ಮರುದಿನ ಎ.ಆರ್.ಟಿ. ಕೇಂದ್ರಕ್ಕೆ ಮರಳಬೇಕು. ದಾರಿ ತಿಳಿಯದಿದ್ದರೆ 1097 ಎಂಬ ಉಚಿತ ಸಹಾಯವಾಣಿ ಇದೆ. ಮಾತ್ರೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ವೈರಾಣು ಆ ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಮಾತು. ಏವಿಯಂ, ಕ್ಯಾನ್ಸಸೈ ಮುಂತಾದವು ಕ್ಷಯದಂತೆ ಒಬ್ಬರ ಕೆಮ್ಮಿನಿಂದ ಇನ್ನೊಬ್ಬರಿಗೆ ಹರಡುವ ರೋಗಗಳಲ್ಲ. ಕ್ಷಯ ಹೌದೋ ಅಲ್ಲವೋ ಎಂದು ತಿಳಿಯುವವರೆಗೆ ಮುಖಗವಸು ಮತ್ತು ತೆರೆದ ಕಿಟಕಿ ಸಾಕು. ತಟ್ಟೆ ಲೋಟ ಬೇರೆಯಿಡುವುದು, ಕೊಟ್ಟಿಗೆಯ ಪಕ್ಕದಲ್ಲಿ ಮಲಗಿಸುವುದು ಯಾರನ್ನೂ ಕಾಪಾಡುವುದಿಲ್ಲ, ಎಚ್.ಐ.ವಿ. ಕೂಡ ಹಾಗೆಲ್ಲ ಹರಡುವುದಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ಭೇಟಿಮಾಡುವ ಸಂಘಗಳಿವೆ. ಸಾಮಾನ್ಯವಾಗಿ ನಾವು ರೋಗ ಪತ್ತೆಯಾದಾಗ ಒಮ್ಮೆ ಹೋಗುತ್ತೇವೆ, ಅಂತ್ಯ ಸಮೀಪಿಸಿದಾಗ ಒಮ್ಮೆ ಹೋಗುತ್ತೇವೆ. ಚಿಕಿತ್ಸೆ ಆರಂಭಿಸಿದವರಿಗೆ ಬೇಕಾದದ್ದು ನಡುವಿನ ಭೇಟಿಗಳು. ಆಸ್ಪತ್ರೆಗೆ ಹೋಗಿಬರುವ ಬಸ್ ಖರ್ಚು, ಸಾಲಿನಲ್ಲಿ ಜೊತೆಗೆ ನಿಲ್ಲುವ ಒಬ್ಬರು, ಮಕ್ಕಳಿಗೆ ಒಂದು ಹೊತ್ತಿನ ಊಟ ಇವು ದೊಡ್ಡ ಯೋಜನೆಗಳಲ್ಲ. ಬೆಂಗಳೂರಿನಲ್ಲಿ ಕಮಿಲಿಯನ್ ಗುರುಗಳು ನಡೆಸುವ ಸ್ನೇಹದಾನದಂಥ ಸಂಸ್ಥೆಗಳು ಈ ಹಾದಿಯಲ್ಲಿ ನಮಗಿಂತ ಬಹಳ ಮುಂದೆ ನಡೆದಿವೆ. ಆದರೆ ಹೋಗುವವರು ನಾಲಿಗೆಯ ಮೇಲೆ ಹಿಡಿತವಿರುವವರಾಗಿರಬೇಕು. ಪ್ರಾರ್ಥನಾಕೂಟದಲ್ಲಿ ಹೆಸರು ಹಿಡಿದು ಈ ರೋಗಕ್ಕಾಗಿ ಪ್ರಾರ್ಥಿಸುವುದು ಕನಿಕರದಂತೆ ತೋರಿದರೂ ಅದು ಒಂದು ಮನೆಯ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟಂತೆ. ಒಬ್ಬರ ಸೋಂಕಿನ ವಿಷಯವನ್ನು ಗೋಪ್ಯವಾಗಿಡುವುದು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ತಿರುಳುಗಳಲ್ಲೊಂದು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಕಾಯಿದೆಗೂ ಮುಂಚೆ ಅದು ಪ್ರೀತಿಯ ನಿಯಮವಾಗಿತ್ತು.

ಪ್ರಾರ್ಥನೆ ಮತ್ತು ಔಷಧಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕೆಂದು ಹೇಳುವವರಿಗೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ತೋರಿಸಿ. ವೈದ್ಯನನ್ನು ಸೃಷ್ಟಿಸಿದಾತನೂ ಮಣ್ಣಿನಿಂದ ಔಷಧಗಳನ್ನು ಕೊಟ್ಟಾತನೂ ದೇವರೇ ಎಂಬ ಬೋಧೆ ಅಲ್ಲಿದೆ. ಪ್ರಾರ್ಥಿಸಿದ ಮೇಲೆ ವೈದ್ಯನಿಗೂ ಸ್ಥಳ ಕೊಡಬೇಕೆಂದು ಆ ಜ್ಞಾನಿ ತಿಳಿಸುತ್ತಾನೆ. ಮಾತ್ರೆಯನ್ನು ಕೈಯಲ್ಲಿ ಹಿಡಿದೇ ಪ್ರಾರ್ಥಿಸಬಹುದು. ಆ ತರುಣನ ತಾಯಿ ಹಾಗೆಯೇ ಮಾಡುತ್ತಿದ್ದರು.

ಶಿಕ್ಷೆಯ ಮಾತನ್ನಾಡುವವರಿಗೂ ಒಂದು ಬಿನ್ನಹ. ಜ್ವರ ಏರಿದ್ದನ್ನು ನೋಡಿ ದೇವರು ಕೈಬಿಟ್ಟನೆಂದು ತೀರ್ಪು ಕೊಡಲು ನಮಗೆ ಸಾಕಷ್ಟು ತಿಳಿದಿಲ್ಲ. ಸಿಡಿ4 ಎಣಿಕೆಯ ಚೀಟಿಯನ್ನು ನೋಡದಿದ್ದರೆ ನಾನೂ ಆ ಮಂಚದ ಮೇಲೆ ಸೋಲನ್ನಷ್ಟೇ ಕಾಣುತ್ತಿದ್ದೆ. ಮನುಷ್ಯರ ಆತ್ಮದ ವಿಷಯದಲ್ಲಿ ಅಂಥ ಚೀಟಿ ನಮ್ಮ ಯಾರ ಕೈಯಲ್ಲೂ ಇಲ್ಲ. ಬಹುಕಾಲ ಮರಗಟ್ಟಿದ್ದ ಮನಸ್ಸಾಕ್ಷಿ ಎಚ್ಚರಗೊಂಡಾಗ ಮನುಷ್ಯನು ಮೊದಲಿಗಿಂತ ಹೆಚ್ಚು ನರಳುವುದುಂಟು. ಕುಡಿತ ಬಿಟ್ಟವನು ಮೊದಲ ವಾರಗಳಲ್ಲಿ ನಡುಗುತ್ತಾನೆ. ವರ್ಷಗಳ ಮುನಿಸನ್ನು ಮುರಿದು ಮಾತಿಗೆ ಕುಳಿತ ಅಣ್ಣತಮ್ಮಂದಿರು ಮೊದಲ ದಿನ ಜಗಳವನ್ನೇ ಆಡುತ್ತಾರೆ. ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ, ಮುಂದಿನ ದಿನಗಳು ಬರುತ್ತವೆ.

ಈ ಆಗಮನ ಕಾಲದಲ್ಲಿ ನಿಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ಯಾರೋ ಒಬ್ಬರು ಮೊದಲನೆಯ ಮಾತ್ರೆಯನ್ನು ನುಂಗುತ್ತಿರಬಹುದು. ಅವರು ಯಾರೆಂದು ನಿಮಗೆ ತಿಳಿಯದಿರಬಹುದು. ತಿಳಿದಿದ್ದರೆ, ಮುಂದಿನ ತಿಂಗಳುಗಳಲ್ಲಿ ಅವರ ಮನೆಯ ದಾರಿಯನ್ನು ಮರೆಯಬೇಡಿ. ತಿಳಿಯದಿದ್ದರೆ, ಹೆಸರಿಲ್ಲದ ಅವರಿಗಾಗಿ ನನ್ನೊಡನೆ ಹೀಗೆ ಪ್ರಾರ್ಥಿಸಿ:

ಪ್ರಭುವೇ, ನೀನು ಆರಂಭಿಸಿದ ಚೇತರಿಕೆ ನಮಗೆ ಕಾಯಿಲೆಯಂತೆ ಕಾಣುವಾಗ ನಮಗೆ ತಾಳ್ಮೆಯನ್ನು ಕೊಡು. ಜ್ವರದಲ್ಲಿ ನರಳುವವರ ಕೈಯಿಂದ ಔಷಧ ಜಾರದಿರಲಿ. ಅವರ ಪಕ್ಕದಲ್ಲಿ ಕುಳಿತವರ ಕಣ್ಣು ಮುಚ್ಚದಿರಲಿ. ಅವರಿಗೆ ಎಲ್ಲವೂ ನಿಚ್ಚಳವಾಗುವ ತನಕ ನಮ್ಮನ್ನು ಅವರ ಬಳಿಯಲ್ಲೇ ಇರಿಸು. ಆಮೆನ್.